ಎಂಎ ಇತಿಹಾಸವಾ? ಯಾಕೆ ಮಾರಾಯ!

ಹಗಲು ಕೋಡಿಂಗ್, ರಾತ್ರಿ ಎಂಎ ಇತಿಹಾಸ. ಮೈಸೂರಿನ ಮುಕ್ತ ವಿವಿಗೆ ಸೇರಿದ್ದೇನೆ ಅಂದರೆ ಪುತ್ತೂರಿನ ನೆಂಟರದ್ದು ಒಂದೇ ಪ್ರಶ್ನೆ: "ಅದರಿಂದ ಸಂಬಳ ಜಾಸ್ತಿ ಆಗ್ತದಾ ಮಾರಾಯ?"

ಆಗುವುದಿಲ್ಲ ಸ್ವಾಮಿ. ಎಂಬಿಎ ಮಾಡಿದರೆ ಯಾರೂ ಕಾರಣ ಕೇಳುವುದಿಲ್ಲ, ಇತಿಹಾಸಕ್ಕೆ ಮಾತ್ರ ಜಾಮೀನು ಬೇಕು!

ಇದೇ ನೆಂಟರು 1837ರ ಅಮರ ಸುಳ್ಯ ದಂಗೆಯ ಮಾತು ಬಂದರೆ ಎದೆಯುಬ್ಬಿಸುತ್ತಾರೆ. 1857ಕ್ಕೆ 20 ವರ್ಷ ಮೊದಲೇ ನಮ್ಮ ರೈತರು ಮಂಗಳೂರು ಹಿಡಿದಿದ್ದರು, ಬಾವುಟಗುಡ್ಡೆಯಲ್ಲಿ 13 ದಿನ ಬಾವುಟ ಹಾರಿತ್ತು ಅಂತ. ಸರಿ, ಯಾಕೆ ಎದ್ದರು? "ದೇಶಭಕ್ತಿ" ಅಂತ ಒಂದೇ ಪದದ ಉತ್ತರ.

1834ರಲ್ಲಿ ಕೊಡಗು ಕಂಪನಿಯ ಪಾಲಾಯಿತು. ಅದರ ಕೆಳಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆ ಕೆನರಾಕ್ಕೆ ಸೇರಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಿ ಅಂದರು. ಇದು ಗೊತ್ತಿದ್ದರೆ ತಾನೇ ಬೆಳ್ಳಾರೆಯ ಖಜಾನೆಗೆ ಯಾಕೆ ಕೈ ಹಾಕಿದರು ಅಂತ ಅರ್ಥವಾಗುವುದು?

2022ರಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಸಂತೋಷವೇ. ಆದರೆ ಹಾರ ಹಾಕಲು ನೂರು ಜನ, ಓದಲು ಒಬ್ಬ ಹೊರಟರೆ "ಯಾಕೆ"!

ಹೆಮ್ಮೆಪಡಲು ಓದು ಬೇಡ, ನಿಜ. ಆದರೆ ಯಾವುದಕ್ಕೆ ಹೆಮ್ಮೆ ಅಂತ ತಿಳಿಯಲಾದರೂ ಬೇಡವೇ? ನೀವೇ ಹೇಳಿ...