ಡೇಟೋನಾದ ಮೋಟಾರು ಪಂದ್ಯ
ಅಮೆರಿಕಾದ ಫ್ಲಾರಿಡಾ ಸಂಸ್ಥಾನದಲ್ಲಿರುವ ಡೇಟೋನಾ ಬೀಚ್ ಎಂಬ ಊರಿನಲ್ಲಿ ಪ್ರತಿವರ್ಷವೂ 500 ಮೈಲಿಯ ಮೋಟಾರು ಪಂದ್ಯವು ಜರುಗುತ್ತದೆ. ಎರಡೂವರೆ ಮೈಲಿಯ ಪಥವನ್ನು 200 ಬಾರಿ ಸುತ್ತಬೇಕು. 1959ರ ಪ್ರಥಮ ಪಂದ್ಯದಲ್ಲಿ ಇಬ್ಬರು ಒಟ್ಟಿಗೇ ಗೆರೆ ದಾಟಿದಂತೆ ಕಂಡಿತು. ಛಾಯಾಚಿತ್ರಗಳನ್ನು ಪರಿಶೀಲಿಸಿ, ಲೀ ಪೆಟಿಯೇ ಗೆದ್ದನೆಂದು ಸಾರುವುದಕ್ಕೆ ಮೂರು ದಿನ ಹಿಡಿಯಿತು. ಆತನ ಮಗ ರಿಚರ್ಡನು ಮುಂದೆ ಏಳು ಬಾರಿ ಜಯಶಾಲಿಯಾದನು.

ಡೇಲ್ ಅರ್ನ್‌ಹಾರ್ಟನಿಗಾದರೋ ಹತ್ತೊಂಬತ್ತು ಬಾರಿಯೂ ನಿರಾಶೆಯೇ. 1998ರಲ್ಲಿ, ಇಪ್ಪತ್ತನೆಯ ಪ್ರಯತ್ನದಲ್ಲಿ, ಜಯವು ಕೈಗೂಡಿತು. 2001ರಲ್ಲಿ ಅದೇ ಪಂದ್ಯದ ಕಡೆಯ ಸುತ್ತಿನಲ್ಲಿ ಗೋಡೆಗೆ ಅಪ್ಪಳಿಸಿ ಮೃತನಾದನು. ಅಂದು ಎರಡನೆಯವನಾಗಿ ಬಂದವನು ಅವನ ಮಗ. ಚಾಲಕರ ತಲೆ ಕುತ್ತಿಗೆಗಳನ್ನು ಕಾಯುವ ಸಾಧನವು ಆ ವರ್ಷವೇ ಕಡ್ಡಾಯವಾಯಿತು. 2004ರಲ್ಲಿ, ತಂದೆ ಮಡಿದ ಪಥದಲ್ಲಿಯೇ, ಮಗನು ಗೆದ್ದನು. ವಾಚಕರೇ, ಆ ಗೆಲವಿನಲ್ಲಿ ಹರ್ಷವೆಷ್ಟೋ ಶೋಕವೂ ಅಷ್ಟೇ ಇದ್ದಿರಬೇಕಲ್ಲವೆ?