ತೊಳೆಯುವ ಮುನ್ನ ಅರಿವು

ಆಯುಧಪೂಜೆ ಸಮೀಪಿಸಿತೆಂದರೆ ಮೈಸೂರಿನ ಕಾರ್ ವಾಷ್ ಕೇಂದ್ರಗಳ ಮುಂದೆ ವಾಹನಗಳ ಸಾಲು ಬೆಳೆಯುತ್ತದೆ. ಸ್ವಯಂಚಾಲಿತ ಬ್ರಷ್‌ಗಳಿಗೆ ಕಾರನ್ನೊಪ್ಪಿಸಿ ನಿಶ್ಚಿಂತರಾಗುವವರು ಒಂದನ್ನು ಮರೆಯುತ್ತಾರೆ. ಮಳೆಯನ್ನು ಗುರುತಿಸುವ ಸೆನ್ಸರ್‌ಗೆ ಮಳೆನೀರಿಗೂ ತೊಳೆಯುವ ನೀರಿಗೂ ಭೇದ ತಿಳಿಯದು. ಅದನ್ನು ಮೊದಲೇ ನಿಲ್ಲಿಸದಿದ್ದರೆ ವೈಪರ್ ತಾನಾಗಿ ಚಲಿಸಿ, ಬ್ರಷ್‌ಗೆ ಸಿಲುಕಿ ಮುರಿಯಬಹುದು. ಸಂವೇದನೆಯು ಅರಿವಲ್ಲ, ಅರಿವು ಚಾಲಕನದೇ ಆಗಬೇಕು.

ಬಸವಣ್ಣನವರು ಅಂತರಂಗಶುದ್ಧಿಯನ್ನೂ ಬಹಿರಂಗಶುದ್ಧಿಯನ್ನೂ ಬೇರ್ಪಡಿಸಲಿಲ್ಲ. ಹೊರಗನ್ನು ತೊಳೆಯುವವನು ಒಳಗನ್ನೂ ಬಲ್ಲವನಾಗಿರಬೇಕೆಂಬ ಮಾತು ವಾಹನಕ್ಕೂ ಸಲ್ಲುತ್ತದೆ. ಕಾರಿನೊಡನೆ ಬಂದ ಕೈಪಿಡಿಯನ್ನು (ಅನೇಕರ ಡ್ಯಾಶ್‌ಬೋರ್ಡಿನಲ್ಲಿ ಅದು ಹೊದಿಕೆ ಬಿಚ್ಚದೆಯೇ ಮಲಗಿರುತ್ತದೆ) ಓದುವುದೂ ಕಾಯಕದ ಭಾಗವೇ.

ತೊಳೆದ ಬಳಿಕ ವಿಭೂತಿ ಹಚ್ಚಿ ಹಾರ ಹಾಕುವಾಗ, ಗಾಜಿನ ಮೇಲ್ಭಾಗದ ಕ್ಯಾಮೆರಾ, ಮುಂಭಾಗದ ರಾಡಾರ್ ಮುಚ್ಚಿಹೋಗದಿರಲಿ. ಭಕ್ತಿಯಿಂದ ಹಾಕಿದ ಹಾರವೇ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಾರಿನ ಕಣ್ಣು ಕಟ್ಟೀತು.