ಬೂದಿದಿಬ್ಬದ ಲೆಕ್ಕ

ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲಿನ ಬೂದಿದಿಬ್ಬ ನೋಡಿದವರಿಗೆ ಇಲ್ಲೊಂದು ಕಾರ್ಖಾನೆ ಇದ್ದಿರಬೇಕು ಅನಿಸಿದರೆ ತಪ್ಪಿಲ್ಲ. ಸಡಿಲ ಬೂದಿಯ ನಡುವೆ ಕರಗಿ ಗಟ್ಟಿಯಾದ, ತೂತುತೂತಿನ ಕಿಟ್ಟ. ಬಳ್ಳಾರಿ ಕಡೆಯ ಇಂಥದೇ ದಿಬ್ಬದ ಬಗ್ಗೆ ಬ್ರಿಟಿಷ್ ಸೇನಾಧಿಕಾರಿ ನ್ಯೂಬೋಲ್ಡ್ 1836ರಲ್ಲಿ ಬರೆದಂದಿನಿಂದ ಊಹೆಗಳಿಗೆ ಬರವಿಲ್ಲ. ಜ್ವಾಲಾಮುಖಿ ಎಂದರು, ಕಬ್ಬಿಣದ ಕುಲುಮೆ ಎಂದರು, ಹೆಣ ಸುಟ್ಟ ಜಾಗ ಎಂದರು. ಊರವರು ರಕ್ಕಸರ ಬೂದಿ ಎಂದರು. ದನದ ದೊಡ್ಡಿಯಲ್ಲಿ ಸುಟ್ಟ ಸಗಣಿ ಎಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಮಾತು ಗಟ್ಟಿಯಾಗಲು ದಶಕಗಳೇ ಹಿಡಿದವು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಹಳೆಯ ಮೆಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಕಿಟ್ಟದ ಒಗಟು ಬಿಡಿಸಿದ್ದು ವಿಜ್ಞಾನಿ ಜಾಯ್ನರ್ ಅವರ ರಾಸಾಯನಿಕ ಪರೀಕ್ಷೆ. ಹುಲ್ಲಿನ ಸಿಲಿಕಾ ಸಗಣಿಗೆ ಬರುತ್ತದೆ, ಜೊತೆಗೆ ಕ್ಷಾರವೂ ಇರುತ್ತದೆ. ರಾಶಿ ಹೊತ್ತಿ ಕಾವೇರಿದರೆ ಕ್ಷಾರ ಸಿಲಿಕಾವನ್ನು ಕಡಿಮೆ ಶಾಖದಲ್ಲೇ ಕರಗಿಸುತ್ತದೆ. ಗಾಜು ಮಾಡುವವರು ಮರಳಿಗೆ ಸೋಡಾ ಬೆರೆಸುವುದೂ ಇದಕ್ಕೇ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಜನ ಕಡಲಕಳೆ ಸುಟ್ಟು ಗಾಜು, ಸಾಬೂನಿನವರಿಗೆ ಕ್ಷಾರ ಮಾರುತ್ತಿದ್ದರು. ಅಲ್ಲಿ ಬೂದಿಯೇ ಸರಕು. ನಮ್ಮಲ್ಲಿ ಅದೇ ರಸಾಯನ, ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ.

ಸುರಪುರ ಸೀಮೆಯ ದಿಬ್ಬಗಳ ಮೇಲಿನ ದೊಡ್ಡ ಕೆಲಸ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರದು. ಕೊಡೇಕಲ್ಲನ್ನು 1960ರ ದಶಕದಲ್ಲೇ ಅಗೆದರು. 1989ರಿಂದ ಹಲವು ವರ್ಷ ಬೂದಿಹಾಳದಲ್ಲಿ ನಿಂತರು. ಅಲ್ಲಿ ಸಿಕ್ಕಿದ್ದು ಬರೀ ಬೂದಿಯಲ್ಲ: ದೊಡ್ಡಿಯ ಪಕ್ಕದಲ್ಲೇ ಮನೆಗಳು, ದನ ಕೊಯ್ದ ನೆಲ, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ಮಡಕೆಯಲ್ಲಿ ಹೂತ ಮಕ್ಕಳು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಊರು. ಸುರಪುರವೆಂದರೆ ನಾಯಕರ ಕೋಟೆ, 1858ರ ಬಂಡಾಯ ಎಂದಷ್ಟೇ ಓದಿಕೊಂಡು ಬಂದ ನಮಗೆ ಇದು ಶಾಲೆಯಲ್ಲಿ ಯಾಕೆ ಬರಲಿಲ್ಲ?

ಒಂದು ಪ್ರಶ್ನೆ ಮಾತ್ರ ಇನ್ನೂ ತೀರಿಲ್ಲ. ಹೊಲಕ್ಕೆ ಬೇಕಾದ ಗೊಬ್ಬರವನ್ನು ರಾಶಿ ಹಾಕಿ ಮತ್ತೆಮತ್ತೆ ಸುಟ್ಟದ್ದೇಕೆ? ದೊಡ್ಡಿ ಶುಚಿ ಮಾಡಲಿಕ್ಕೆ ಎನ್ನುವವರಿದ್ದಾರೆ, ಹಬ್ಬದ ಬೆಂಕಿ ಎನ್ನುವವರೂ ಇದ್ದಾರೆ. ಎರಡೂ ಇದ್ದೀತು, ದನ ಕಾಯುವವರ ಹಬ್ಬದಲ್ಲಿ ಇವೆರಡು ಬೇರೆಯಲ್ಲ.

ಇದಕ್ಕೆ ಉತ್ತರ ಇದ್ದರೆ ಬೂದಿಯ ಪದರಗಳಲ್ಲಿದೆ. ಗೊಬ್ಬರಕ್ಕೆಂದು ನಾಲ್ಕು ಟ್ರ್ಯಾಕ್ಟರ್ ಬೂದಿ ತೋಡಿದರೆ ಆ ಪದರ ಹೋಯಿತು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದಲ್ಲಿ ಎರೆಹೊಲಗಳು ಗದ್ದೆಗಳಾದವು. ಭೂಮಿ ಮಟ್ಟ ಮಾಡುವ ರೈತನಿಗೆ ದಿಬ್ಬ ಅಡ್ಡಿಯೇ, ಅವನನ್ನು ಬೈದು ಪ್ರಯೋಜನವಿಲ್ಲ. 2009ರ ಕೊನೆಗೆ ಹುಟ್ಟಿದ ಯಾದಗಿರಿ ಜಿಲ್ಲೆಯ ಆಡಳಿತ ಮಾಡಬಹುದಾದ ಕೆಲಸ ಸಣ್ಣದು: ದಿಬ್ಬವಿರುವ ಪ್ರತಿ ಸರ್ವೆ ನಂಬರನ್ನು ಗುರುತಿಸಿ ಪಹಣಿಯಲ್ಲೇ ನಮೂದಿಸುವುದು, ಹೊಲದ ಒಡೆಯನಿಗೆ ಪರಿಹಾರ ಕೊಡುವುದು, ಗ್ರಾಮ ಪಂಚಾಯಿತಿಗೆ ನಕ್ಷೆ ತಲುಪಿಸುವುದು.